ಓಡದ ಮೊಲ

ನಮ್ಮ ಅತ್ತೆ ಕಿಸಾ ಮೊಲದ ಸಾರು ಮಾಡುವ ದಿನ ಯಾರಿಗೂ ಹೇಳಿ ಕಳಿಸಬೇಕಾಗಿರಲಿಲ್ಲ. ನಮ್ಮ ಬೆಟ್ಟದೂರು ಕುರಸಾವಾದಲ್ಲಿ ಇದ್ದದ್ದೇ ಹದಿನಾಲ್ಕು ಮನೆ. ಎಲುಬು ಜಜ್ಜುವ ಸದ್ದು ಕೇಳಿದರೆ ಸಾಕು, ಜನ ಸೊಂಟದುದ್ದದ ಹಿಮ ತುಳಿದುಕೊಂಡು ಬಟ್ಟಲು ಹಿಡಿದು ಬಂದುಬಿಡುತ್ತಿದ್ದರು. ಮಾಂಸ ಬಿಡಿಸಿದ ಮೇಲೆ ಉಳಿದ ಎಲುಬನ್ನು ಅತ್ತೆ ಬಿಸಾಡುತ್ತಿರಲಿಲ್ಲ. ನೆನೆಸಿದ ಸೋಯಾ ಕಾಳಿನ ಜೊತೆ ಮಣೆಯ ಮೇಲಿಟ್ಟು, ನಾಲಿಗೆಗೆ ಒಂದು ಚೂರೂ ತಾಗದಷ್ಟು ನುಣ್ಣಗೆ ಮಚ್ಚಿನ ಬೆನ್ನಿನಿಂದ ಜಜ್ಜಿ, ಉಂಡೆ ಕಟ್ಟಿ, ಮೂಲಂಗಿ ಕುದಿಯುತ್ತಿರುವ ಮಡಕೆಗೆ ಹಾಕುತ್ತಿದ್ದರು. ಕೊನೆಗೆ ಮಿಸೊ, ಅಂದರೆ ಹುದುಗು ಬಂದ ಸೋಯಾ ಮುದ್ದೆ, ಕದಡಿ ಬಿಟ್ಟರೆ ಇಡೀ ಮನೆ ಘಮ್ಮೆನ್ನುತ್ತಿತ್ತು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ನಮಗೆ ಸಿಗುತ್ತಿದ್ದ ಮಾಂಸ ಅದೊಂದೇ.

ಹದಿನೇಳಕ್ಕೆ ಈ ಮನೆಗೆ ಬಂದವರು ಅತ್ತೆ. ಹಾವನ್ನು ಕುಡುಗೋಲಿನ ಹಿಡಿಯಿಂದ ಕುಟ್ಟಿ ಸಾಯಿಸಿದವರು. ಒಮ್ಮೆ ಮಾವ ಹಿಮಕುಸಿತದಲ್ಲಿ ಕುತ್ತಿಗೆವರೆಗೆ ಹೂತಾಗ ಒಬ್ಬರೇ ಅಗೆದು ಎಳೆದು ತಂದು, "ಒದ್ದೆ ಬಟ್ಟೆ ಬಿಚ್ಚಿ" ಎಂದಷ್ಟೇ ಹೇಳಿದರಂತೆ. ಅವರ ಮುಖದಲ್ಲಿ ಹೆದರಿಕೆಯನ್ನು ನಾನು ಕಂಡದ್ದು ಮಹಾಯುದ್ಧ ಮುಗಿದ ಮೇಲಿನ ಹತ್ತನೆಯ ಚಳಿಗಾಲದಲ್ಲಿ. ಆಗ ನಾನು ಸೊಸೆಯಾಗಿ ಬಂದು ನಾಲ್ಕೇ ತಿಂಗಳು. ನನ್ನ ಗಂಡ ಕಣಿವೆಯಾಚೆ ಮರ ಕಡಿಯುವ ಕೆಲಸಕ್ಕೆ ಹೋದವರು ಹಿಮ ಕರಗುವವರೆಗೆ ಬರುವಂತಿರಲಿಲ್ಲ. ಮನೆಯಲ್ಲಿ ಅತ್ತೆ, ಮಾವ ತೊರಾಜಿ, ನಾನು, ಮೂವರೇ.

ಮಾವನ ಹತ್ತಿರ ಕೋವಿ ಇರಲಿಲ್ಲ. ಒಣಹುಲ್ಲು ಹೆಣೆದ ಚಕ್ರವನ್ನು ಮೊಲದ ತಲೆಯ ಮೇಲಿಂದ ಹಾರುವಂತೆ ಬೀಸುತ್ತಿದ್ದರು. ಗಿಡುಗ ಎರಗಿದ ಹಾಗೆ ಅದು ಸುಯ್ಯೆನ್ನುತ್ತದೆ. ಮೊಲ ಬೆದರಿ ಮರದ ಬುಡದ ಹಿಮದೊಳಗೆ ತೂರಿಕೊಂಡರೆ ಕೈ ಹಾಕಿ ಎಳೆಯುವುದು. ಆ ದಿನ ಮಾವ ಊಟದ ಹೊತ್ತಿಗಿಂತ ಮುಂಚೆಯೇ ಬಂದರು. ಕೈಯಲ್ಲಿ ಬಿಳಿ ಮೊಲ.

"ಇವತ್ತು ಚಕ್ರ ಎಸೆಯೋ ಕೆಲಸಾನೇ ಬರ್ಲಿಲ್ಲ ಕಣೇ. ಮರದ ಬುಡದಲ್ಲಿ ಸುಮ್ನೆ ಕೂತಿತ್ತು. ಹೋಗಿ ಕಿವಿ ಹಿಡ್ಕೊಂಡೆ."

"ಓಡ್ಲಿಲ್ವಾ?"

"ನನ್ನ ಮುಖ ನೋಡಿ ಮರುಳಾಗಿರ್ಬೇಕು."

"ಮೂವತ್ತು ವರ್ಷದಿಂದ ದಿನಾ ನೋಡ್ತಿರೋ ನಾನೇ ಮರುಳಾಗ್ಲಿಲ್ಲ, ಅದು ಆಗುತ್ತಾ!"

ನಗುತ್ತಲೇ ಅತ್ತೆ ಕೆಲಸಕ್ಕೆ ಕೂತರು. ನಾನು ಹಿಂಗಾಲು ಹಿಡಿದುಕೊಂಡೆ. ಚಳಿಗೆ ಅವರ ತೋರುಬೆರಳು ಒಡೆದು ಕೆಂಪಗೆ ಬಾಯಿ ಬಿಟ್ಟಿತ್ತು. ಹೊಟ್ಟೆ ಸೀಳಿದಾಗ ಅವರ ಕೈ ನಿಂತಿತು. ಲಿವರ್ ಮೇಲೆ ನುಚ್ಚಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು.

"ಇದೇನತ್ತೆ?"

"ಏನಿಲ್ಲ. ನೀನು ಆ ಕಡೆ ನೋಡು."

ಲಿವರನ್ನು ಒಯ್ದು ಹಿತ್ತಲಿನ ಹಿಮದಲ್ಲಿ ಆಳಕ್ಕೆ ಹೂತು ಬಂದರು. ಹನ್ನೆರಡು ದಿನದಿಂದ ಯಾರ ಮನೆಯಲ್ಲೂ ಮಾಂಸದ ತುಣುಕಿರಲಿಲ್ಲ. ಮಾವ ಬರುವ ದಾರಿಯಲ್ಲೇ ಎಲ್ಲರಿಗೂ ಮೊಲ ತೋರಿಸಿಕೊಂಡು ಬಂದಿದ್ದರು. ಅತ್ತೆ ಸ್ವಲ್ಪ ಹೊತ್ತು ನಿಂತಿದ್ದು, "ಚೆನ್ನಾಗಿ ಬೇಯಿಸಿದ್ರಾಯ್ತು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಮೊದಲ ಸಲ ನನ್ನ ಕೈಗೆ ಮಚ್ಚು ಕೊಟ್ಟು, "ಜಜ್ಜು, ನಿನ್ನ ಕೈಯೂ ಪಳಗ್ಲಿ" ಎಂದರು. ಹಿಗ್ಗಿನಿಂದ ಜೋರಾಗಿ ಜಜ್ಜಿದೆ. ರಸ ಸಿಡಿದು ಎಡಗಣ್ಣಿಗೆ ಬಿತ್ತು. ತೋಳಿನಿಂದ ಒರೆಸಿಕೊಂಡು ಮುಂದುವರಿಸಿದೆ.

ಆ ಮಧ್ಯಾಹ್ನ ಏಳು ಜನ ಬಂದು ಉಂಡರು. ಎಪ್ಪತ್ತು ದಾಟಿದ ಗೆನ್ಕಿಚಿ ಅಜ್ಜ ಒಬ್ಬನೇ ಮೂರು ಬಟ್ಟಲು ಖಾಲಿ ಮಾಡಿದ. ಪಕ್ಕದ ಮನೆಯ ತಾಕಿ ಹಾಸಿಗೆ ಹಿಡಿದಿದ್ದ ತನ್ನ ಮಾವನಿಗೆಂದು ಒಂದು ಬಟ್ಟಲು ಒಯ್ದಳು.

ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ಬಲಗೈಯನ್ನು ಮೈಗೆ ಒತ್ತಿಕೊಂಡು ಒಲೆಯ ಮುಂದೆ ಕೂತಿದ್ದರು. ಮುಖ ಕೆಂಪಾಗಿತ್ತು. ಕೇಳಿದರೆ ಚಳಿ ಎಂದರು. ಆದರೂ ಮನೆಯಲ್ಲಿ ನಿಲ್ಲಲಿಲ್ಲ. ಅಂಗಳದಲ್ಲಿ ನಿಂತು ಯಾವ ಯಾವ ಮನೆಯಿಂದ ಹೊಗೆ ಏಳುತ್ತಿದೆ ಎಂದು ನೋಡಿದರು. ಆಮೇಲೆ ಜರಡಿ ಬೇಕಿತ್ತು, ಸೂಜಿ ಬೇಕಿತ್ತು ಎಂದು ನೆಪ ಮಾಡಿಕೊಂಡು ಉಂಡವರ ಮನೆಗಳಿಗೆ ಒಂದೊಂದಾಗಿ ಹೋದರು. ಮರುದಿನ ನನ್ನನ್ನೂ ಕರೆದುಕೊಂಡು ಹೋದರು. ಹಿಮದಲ್ಲಿ ಒಬ್ಬರೇ ನಡೆಯಲು ಅವರಿಗೆ ಆಗುತ್ತಿರಲಿಲ್ಲ. ಗೆನ್ಕಿಚಿ ಅಜ್ಜ ಬಾಗಿಲಲ್ಲಿ ಕೆಮ್ಮುತ್ತ ನಿಂತಿದ್ದ.

"ಅಜ್ಜ, ಈ ಕೆಮ್ಮು ಯಾವಾಗಿಂದ?" ಎಂದು ಕೇಳಿದರು ಅತ್ತೆ.

"ಐವತ್ತು ವರ್ಷದ ಹಿಂದೆ ರಷ್ಯಾದವರ ಜೊತೆ ಯುದ್ಧ ಆಯ್ತಲ್ಲ, ಆವಾಗಿಂದ. ಯಾಕವ್ವಾ ಕಿಸಾ, ಇವತ್ತು ಹೊಸದಾಗಿ ಕೇಳ್ತೀಯ?"

ಅತ್ತೆ ನಗಲಿಲ್ಲ. ತಾಕಿಯ ಮಾವ ಎರಡು ದಿನದಿಂದ ಗಂಜಿಯನ್ನೂ ಬಿಟ್ಟಿದ್ದಾನೆ ಎಂದು ಗೊತ್ತಾದಾಗ ಅವರ ತುಟಿ ಬಿಳಿಚಿಕೊಂಡಿತು.

ನನಗೆ ನನ್ನದೇ ದಿಗಿಲು. ಎಡಗಣ್ಣು ಊದಿ ಮುಚ್ಚಿಕೊಳ್ಳುತ್ತಿತ್ತು. ಕಿವಿಯ ಮುಂದೆ ಸೋಯಾ ಕಾಳಿನಷ್ಟಿದ್ದ ಗಂಟು ಎರಡೇ ದಿನಕ್ಕೆ ಹೆಬ್ಬೆರಳ ತುದಿಯಷ್ಟಾಗಿತ್ತು. ಬಂದ ಮೊದಲ ಚಳಿಗಾಲಕ್ಕೇ ಕಣ್ಣುಬೇನೆ ತಂದ ಸೊಸೆಯನ್ನು ಯಾರು ಇಟ್ಟುಕೊಳ್ಳುತ್ತಾರೆ? ದಾರಿ ತೆರೆದ ಕೂಡಲೇ ತವರಿಗೆ ಕಳಿಸಿಬಿಡುತ್ತಾರೆ ಎಂದು ತಲೆವಸ್ತ್ರವನ್ನು ಆ ಕಡೆ ಇಳಿಬಿಟ್ಟು ಓಡಾಡಿದೆ. ಅತ್ತೆ ಒಮ್ಮೆ ಕೇಳಿದರು. ಹೊಗೆ ಅಂದೆ. "ಸೌದೆ ಹಸಿ" ಎಂದು ಅವರೂ ಸುಮ್ಮನಾದರು.

ಏಳನೆಯ ದಿನ ನೀರಿನ ಬಕೆಟ್ಟಿನ ಜೊತೆಯೇ ಅತ್ತೆ ಹೊಸ್ತಿಲಲ್ಲಿ ಕುಸಿದರು. ಎತ್ತಲು ಕಂಕುಳಿಗೆ ಕೈ ಹಾಕಿದೆ. ಅವರು ಚೀರಿದ್ದು ಕೇಳಿ ಮಾವ ಓಡಿ ಬಂದರು. ಕಂಕುಳಲ್ಲಿ ಕೋಳಿಮೊಟ್ಟೆಯಷ್ಟು ಗಡ್ಡೆ. ತೋರುಬೆರಳಿನ ಬಿರುಕು ಹುಣ್ಣಾಗಿ ನಡುವೆ ಕಪ್ಪಗಾಗಿತ್ತು.

"ಎಂಟು ಜನಾನ ಕೊಂದುಬಿಟ್ಟೆ ಕಣೇ ಸೆತ್ಸು," ಎಂದರು ಅತ್ತೆ ನನ್ನ ಕೈ ಹಿಡಿದು. "ಆ ಮೊಲಕ್ಕೆ ರೋಗ ಇತ್ತು. ಕಣ್ಣಾರೆ ನೋಡಿದೆ. ಗೊತ್ತಿದ್ದೂ ಬಡಿಸ್ದೆ."

ಲಿವರಿನ ವಿಷಯವೆಲ್ಲ ಆಗ ಹೊರಬಂತು. ಮಾವ ತಟ್ಟನೆ ಎದ್ದು ಹೊರಗೆ ಹೋದರು. ಸಿಟ್ಟಿನಿಂದ ಹೋದರೆಂದು ನಾನು ಹೆದರಿದೆ. ಅವರು ಹೋದದ್ದು ಸೌದೆ ಎಳೆಯುವ ಜಾರುಬಂಡಿ ತರಲಿಕ್ಕೆ. ಗೆನ್ಕಿಚಿ ಅಜ್ಜನೂ ಜೊತೆಗೆ ಬಂದ. ಅತ್ತೆ ಅವನ ಮುಂದೆ ತಲೆ ಬಗ್ಗಿಸಿ ಎಲ್ಲ ಹೇಳಿದರು.

"ಮೂರು ಬಟ್ಟಲು ತಿಂದವನು ನಾನು," ಎಂದ ಅಜ್ಜ. "ಸಾಯೋದಾದ್ರೆ ಮೊದಲು ನಾನೇ ಸಾಯ್ಬೇಕು. ಇನ್ನೂ ಸತ್ತಿಲ್ಲ. ಹಗ್ಗ ಕೊಡಿ ಇಲ್ಲಿ."

ಕೆಳಗಿನ ಪೇಟೆಗೆ ಐದು ತಾಸಿನ ದಾರಿ. ಅವರಿಬ್ಬರೂ ಎಳೆದರು, ನಾನು ಹಿಂದಿನಿಂದ ತಳ್ಳಿದೆ. ಎರಡು ಕಡೆ ಸದ್ದಿಗೇ ಹಿಮ ಕುಸಿಯುವ ಇಳಿಜಾರು ಇದ್ದುದರಿಂದ ಅಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಆ ಮೌನದಲ್ಲಿ ಅತ್ತೆ ಕಣ್ಣು ಮುಚ್ಚಿ ಉಂಡವರ ಹೆಸರುಗಳನ್ನು ಪಿಸುಗುಡುತ್ತಿದ್ದರು. ತಾಕಿಯ ಮಾವನ ಹೆಸರಿಗೆ ಬಂದಾಗಲೆಲ್ಲ ತಡವರಿಸಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು.

ಆಸ್ಪತ್ರೆಯ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಬೆರಳು ನೋಡಿದರು, ಕಂಕುಳು ನೋಡಿದರು. "ಮೊಲ ಸುಲಿದ್ರಾ?" ಎಂದು ಕೇಳಿದರು. ಅತ್ತೆ ತಲೆಯಾಡಿಸಿದರು.

"ನನ್ನ ಕತೆ ಬಿಡಿ ಸ್ವಾಮಿ. ಸಾರು ಉಂಡೋರು..."

"ಎಷ್ಟು ಹೊತ್ತು ಕುದಿಸಿದ್ರಿ?"

"ಎರಡು ತಾಸಿನ ಮೇಲೆ."

"ಹಂಗಾದ್ರೆ ಉಂಡೋರಿಗೆ ಏನೂ ಆಗಲ್ಲ. ಬೆಂದ ಮೇಲೆ ಈ ರೋಗ ಇರಲ್ಲ, ತಾಯಿ."

ಅತ್ತೆ ಮುಖ ಮುಚ್ಚಿಕೊಂಡು ಬಿಕ್ಕಿದರು. ಗೆನ್ಕಿಚಿ ಅಜ್ಜ ಗೋಡೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕೂತ. ಅವನಿಗೆಷ್ಟು ಹೆದರಿಕೆ ಇತ್ತೆಂದು ನಮಗೆ ಗೊತ್ತಾದದ್ದೇ ಆಗ. ಡಾಕ್ಟರು ಕೈ ತೊಳೆಯುತ್ತ, ತಿರುಗಿ ನೋಡದೆ ಕೇಳಿದರು: "ಹಸಿ ಮಾಂಸ ಇನ್ನ್ಯಾರು ಮುಟ್ಟಿದ್ರು?"

"ನಾನು ಕಿವಿ ಹಿಡ್ದೆ. ಕೈಗೆ ನಾಯಿಚರ್ಮದ ಗವಸು ಇತ್ತು," ಎಂದರು ಮಾವ.

ಅತ್ತೆ ಅಳು ನಿಲ್ಲಿಸಿದರು. ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಹಿಂದೆ ಸರಿದೆ. ಅವರು ಎದ್ದು ಬಂದು ತಾವೇ ನನ್ನ ತಲೆವಸ್ತ್ರ ಸರಿಸಿದರು. ಆಗ ಅವರ ಮುಖದಲ್ಲಿ ಕಂಡದ್ದನ್ನು ಇವತ್ತಿಗೂ ನೆನೆಸಿಕೊಳ್ಳಲಾರೆ.

"ಹೊಗೆ ಅಂದ್ಯಲ್ಲೇ," ಎಂದರು. "ನಾನೂ ಹೌದು ಅಂದ್ಬಿಟ್ಟೆನಲ್ಲೇ."

ಡಾಕ್ಟರು ದೀಪ ಹಿಡಿದು ರೆಪ್ಪೆ ಮಗುಚಿ ನೋಡಿದರು. ಕಣ್ಣು ಉಳಿಯುತ್ತದೆ ಎಂದೂ ಹೇಳಲಿಲ್ಲ, ಹೋಗುತ್ತದೆ ಎಂದೂ ಹೇಳಲಿಲ್ಲ. ಯುದ್ಧದ ನಂತರ ಬಂದ ಹೊಸ ಇಂಜೆಕ್ಷನ್ ಕೊಡುತ್ತೇವೆ, ಇಬ್ಬರೂ ಇಲ್ಲೇ ಇರಬೇಕು ಎಂದರು.

ಹಿಂದಿನ ಕೋಣೆಯಲ್ಲಿ ಅಕ್ಕಪಕ್ಕ ಮಲಗಿದೆವು. ಅತ್ತೆಯ ಗಡ್ಡೆ ಕೊಯ್ದು ಕೀವು ತೆಗೆದರು. ಅವರು ಹಲ್ಲು ಕಚ್ಚಿಕೊಂಡಿದ್ದರು, ಸದ್ದಿಲ್ಲ. ಆದರೆ ಬೆಳಗಾದರೆ ಸಾಕು, ನನ್ನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಎಡಗಣ್ಣಿನ ಮುಂದೆ ಬೆರಳು ಹಿಡಿಯುತ್ತಿದ್ದರು.

"ಎಷ್ಟು?"

ಮಂಜು ಬಿಟ್ಟರೆ ನನಗೇನೂ ಕಾಣುತ್ತಿರಲಿಲ್ಲ. ಮೂರನೆಯ ದಿನ ಅವರು ಕಾಯುವುದನ್ನು ತಡೆಯಲಾರದೆ, "ಮೂರು" ಎಂದೆ.

"ಸುಳ್ಳು ಹೇಳ್ಬೇಡ. ನಾನು ಬೆರಳೇ ಹಿಡಿದಿರ್ಲಿಲ್ಲ."

ಅವರು ನನ್ನ ಬಲಗಣ್ಣಿನಿಂದ ಅಂಗೈ ತೆಗೆದರು. "ನಿನ್ನ ಕಣ್ಣು ಬರ್ದೇ ಹೋದ್ರೂ ನಿನ್ನನ್ನ ತವರಿಗೆ ಕಳ್ಸಲ್ಲ," ಎಂದರು. "ಅದಕ್ಕೇ ಅಲ್ವಾ ನೀನು ಮುಚ್ಚಿಟ್ಟಿದ್ದು?" ನನಗೆ ಅಳು ಬಂತು. ಅತ್ತೆ ಎಂಬವರನ್ನು ಹತ್ತಿರದಿಂದ ನೋಡಿದ್ದು ನಾನು ಆವತ್ತೇ.

ಒಂಬತ್ತನೆಯ ದಿನ ಅವರ ತೋರುಬೆರಳಿನ ಬಟ್ಟೆ ಬೆಳ್ಳಗೆ ಕಂಡಿತು. ಪಕ್ಕದಲ್ಲಿ ಇನ್ನೊಂದು ಬೆರಳು. "ಎರಡು. ಒಂದಕ್ಕೆ ಪಟ್ಟಿ ಕಟ್ಟಿದೆ," ಎಂದೆ. ಅತ್ತೆ ಅಲ್ಲೇ ಚಾಪೆಯ ಮೇಲೆ ಹಣೆ ಇಟ್ಟರು. ಕಣ್ಣಿನ ಒಂದು ಮೂಲೆಯಲ್ಲಿ ಮಸುಕು ಹಾಗೇ ಉಳಿಯಿತು, ಈಗಲೂ ಇದೆ.

ಊರಿಗೆ ಮರಳುವ ಹೊತ್ತಿಗೆ ಮಾವ ಆ ಮೊಲದ ತುಪ್ಪಳವನ್ನು ಸುಟ್ಟಿದ್ದರು. ಉಂಡವರೆಲ್ಲ ಗಟ್ಟಿಮುಟ್ಟಾಗಿದ್ದರು. ತಾಕಿಯ ಮಾವ ಮಾತ್ರ ಹಿಮ ಕರಗುವ ಕಾಲಕ್ಕೆ ತೀರಿಕೊಂಡ. ವಯಸ್ಸಾಗಿತ್ತು, ಸಾರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಬರೆದು ಕಳಿಸಿದರು. ತಾಕಿಯೂ ಅದನ್ನೇ ಹೇಳಿದಳು. ಅತ್ತೆ ಮಾತ್ರ ಪ್ರತಿವರ್ಷ ಆ ದಿನ ಅವನ ಸಮಾಧಿಗೆ ಹೋಗಿ ಬರುತ್ತಿದ್ದರು.

ಮುಂದಿನ ಚಳಿಗಾಲದಲ್ಲಿ ನನ್ನ ಗಂಡ ಪೇಟೆಯಿಂದ ಮೊಣಕೈವರೆಗಿನ ರಬ್ಬರ್ ಗವಸು ತಂದುಕೊಟ್ಟರು. ಮೊದಲ ಮೊಲ ಬಂದ ದಿನ ಅತ್ತೆ ಅದನ್ನು ಹಾಕಿಕೊಂಡು, ನನ್ನನ್ನು ಒಳಗೆ ಕೂರಿಸಿ, ಅಂಗಳದಲ್ಲಿ ಒಬ್ಬರೇ ಸುಲಿದರು, ಒಬ್ಬರೇ ಜಜ್ಜಿದರು. ಸದ್ದು ಕೇಳಿದರೂ ಬಹಳ ಹೊತ್ತು ಯಾರೂ ಬರಲಿಲ್ಲ. ಕೊನೆಗೆ ಗೆನ್ಕಿಚಿ ಅಜ್ಜ ಬಂದ, ಅವನ ಹಿಂದೆ ನಾಲ್ಕು ಜನ. ಬಟ್ಟಲು ತುಂಬಿದರೂ ಯಾರೂ ಊಟದ ಕಡ್ಡಿ ಎತ್ತಲಿಲ್ಲ. ಅತ್ತೆ ಎಲ್ಲರ ಎದುರು ಒಂದು ಉಂಡೆ ಬಾಯಿಗಿಟ್ಟು ನಿಧಾನವಾಗಿ ಅಗಿದು ನುಂಗಿದರು. ಆಮೇಲೆ ಎಲ್ಲರೂ ಉಂಡರು.

ಮುಂದಿನ ಐದು ದಿನ ಅತ್ತೆ ನನ್ನ ಕಣ್ಣು, ಮಾವನ ಹಣೆ, ತಮ್ಮ ಕಂಕುಳು ಮುಟ್ಟಿ ಮುಟ್ಟಿ ನೋಡಿದರು. ಆರನೆಯ ದಿನವೂ ಯಾರಿಗೂ ಏನೂ ಆಗದಿದ್ದಾಗ, ಮಧ್ಯಾಹ್ನ ಒಲೆಯ ಪಕ್ಕ ಕೂತಲ್ಲೇ ಅವರಿಗೆ ನಿದ್ದೆ ಹತ್ತಿತು. ನಾನು ಹೊದಿಕೆ ಹೊದಿಸಿ, ಉಪ್ಪು ಕೇಳಲು ಬಂದ ತಾಕಿಗೆ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ.