ಇಪ್ಪತ್ತಾರು ಸೂಲುಗಳ ಲೆಕ್ಕ

೧೯೮೭ರ ಮಾರ್ಚ್ ೯, ಸೋಮವಾರ. ವಿನಿಪೆಗ್‌ನ ನಮ್ಮ ಪ್ರಯೋಗಾಲಯದಲ್ಲಿ ಇಪ್ಪತ್ತಾರು ತಾಯಿ ಇಲಿಗಳ ಮುನ್ನೂರ ಎಂಟು ಗರ್ಭಸ್ಥ ಮರಿಗಳ ಪರೀಕ್ಷೆ ಅಂದು ಮುಗಿಯಿತು. ಮೂರ್ಛೆರೋಗದ ಔಷಧಗಳಿಂದ ಹುಟ್ಟಲಿರುವ ಮಗುವಿಗೆ ಒದಗಬಹುದಾದ ಅಂಗದೋಷಗಳನ್ನು ಪ್ರಾಣಿಗಳ ಮೂಲಕ ಅಳೆಯುವ ಶಾಸ್ತ್ರದಲ್ಲಿ ಡಾ. ಲೆನೋರಾ ಹಾಲ್ಡರ್ಸನ್ ಅವರ ಸ್ಥಾನವೇನೆಂದು ತಿಳಿಯಬಯಸುವವರಿಗೆ ಪ್ರಶಸ್ತಿಗಳ ಪಟ್ಟಿಗಿಂತ ಆ ಒಂದು ದಿನದ ಸಂಗತಿಯೇ ಸಾಕೆಂದು ನಾನು ಬಲ್ಲೆ.

ಅವರಿಗಾಗ ಮೂವತ್ತು ವರ್ಷ. ಸೇವೆಗೆ ಸೇರಿ ಐದು ತಿಂಗಳು. ನಾನು ಹನ್ನೆರಡು ವರ್ಷಗಳಿಂದ ಅಲ್ಲಿನ ಅಂಕಿಅಂಶಗಳ ಮುಖ್ಯಸ್ಥ. ಆ ಚಳಿಗಾಲವಿಡೀ ಅವರು ತಮ್ಮ ಕಾರಿನ ಜೊತೆಗೆ ನನ್ನದರ, ಎಂಜಿನ್ ಹೆಪ್ಪುಗಟ್ಟದಂತೆ ಬೆಚ್ಚಗಿಡುವ ತಂತಿಯನ್ನೂ ಹೊರಗಿನ ಪ್ಲಗ್ಗಿಗೆ ಸಿಕ್ಕಿಸುತ್ತಿದ್ದುದರಿಂದಲೇ ನನ್ನ ಕಾರು ಸಂಜೆ ಚಾಲೂ ಆಗುತ್ತಿತ್ತು ಎಂಬುದು ನನಗೆ ತಿಳಿದದ್ದು ಹಿಮ ಕರಗಿದ ಮೇಲೆ.

ಹದಿಮೂರು ತಾಯಂದಿರಿಗೆ ಔಷಧ ಕೊಟ್ಟಿದ್ದೆವು, ಹದಿಮೂರಕ್ಕೆ ಕೊಟ್ಟಿರಲಿಲ್ಲ. ಔಷಧ ಪಡೆದವುಗಳ ನೂರ ಐವತ್ತೆರಡು ಮರಿಗಳಲ್ಲಿ ಹತ್ತೊಂಬತ್ತಕ್ಕೆ ಅಂಗುಳ ಸೀಳಿತ್ತು; ಪಡೆಯದವುಗಳ ನೂರ ಐವತ್ತಾರರಲ್ಲಿ ಎರಡಕ್ಕೆ. ‘ಎಂಟಕ್ಕೊಂದು’ ಎಂದು ಹಲಗೆಯ ಮೇಲೆ ಬರೆದು ಅಡಿಗೆರೆ ಎಳೆದೆ.

ಗೂಡುಗಳ ಆರೈಕೆ ಮಾಡುತ್ತಿದ್ದ ಶ್ರೀಮತಿ ನೊರೀನ್ ಕೊಸ್ಟ್ಯುಕ್ ಅವರು ಒಂಬತ್ತು ವರ್ಷಗಳಿಂದ ಅದೇ ಔಷಧವನ್ನು ಸೇವಿಸುತ್ತಿದ್ದರು. ಆಗ ಅವರು ಎರಡು ತಿಂಗಳ ಬಸುರಿ. ಹಲಗೆಯನ್ನು ಓದಿದವರೇ ಮಾತ್ರೆಯ ಶೀಶೆಯನ್ನು ತಂದು ಮೇಜಿನ ಮೇಲಿಟ್ಟರು.

“ಇವತ್ತಿಂದು ನುಂಗಿಲ್ಲ ಡಾಕ್ಟ್ರೇ. ಇನ್ನು ನುಂಗೋದೂ ಇಲ್ಲ.”

“ಮೆಟ್ಟಿಲ ಮೇಲೆ ಫಿಟ್ಸ್ ಬಂದು ಉರುಳಿದ್ರೆ ಮಗು ಗತಿ ಏನೇ?” ಎಂದ ಡಾ. ಹಾಲ್ಡರ್ಸನ್ ನನ್ನ ಕಡೆ ತಿರುಗಿದರು. “ಪ್ರೊಕೊಪ್ ಸಾರ್, ಈ ಹತ್ತೊಂಬತ್ತಕ್ಕೆ ತಾಯಂದಿರು ಎಷ್ಟು?”

“ನಾನು ಎಣಿಸಿದ್ದು ಮರಿಗಳನ್ನ.”

“ಅದೇ ನೋಡಿ! ಒಂದೇ ಮನೇಲಿ ಹನ್ನೆರಡು ಜನ ಒಂದೇ ಮಾತು ಹೇಳಿದ್ರೆ ಹನ್ನೆರಡು ಮನೆ ಸಾಕ್ಷಿ ಆಗುತ್ತಾ ಸಾರ್?”

ಅವರು ಗೂಡಿನ ಚೀಟಿಗಳನ್ನು ತರಿಸಿದರು. ಹತ್ತೊಂಬತ್ತರಲ್ಲಿ ಹದಿನೇಳು ಕೇವಲ ಎರಡು ಸೂಲುಗಳವು, ಅಂದರೆ ಎರಡೇ ತಾಯಂದಿರವು. ಗರ್ಭದ ಹದಿಮೂರು, ಹದಿನಾಲ್ಕನೆಯ ದಿನಗಳಲ್ಲಿ ಆ ಎರಡು ತಾಯಂದಿರ ತೂಕ ಇಳಿದಿತ್ತು.

“ಆ ಎರಡು ಗೂಡಿನ ನೀರಿನ ಬಾಟಲಿ ಕೊಳವೆ ಕಟ್ಕೊಂಡಿತ್ತು,” ಎಂದರು ನೊರೀನ್. “ಬದಲಾಯಿಸಿ ಚೀಟೀಲಿ ಬರ್ದಿದ್ದೀನಲ್ಲ. ಲೆಕ್ಕದೋರು ಚೀಟಿ ಎಲ್ಲಿ ಓದ್ತಾರೆ!”

ಅಂಗುಳ ಕೂಡಿಕೊಳ್ಳುವ ದಿನಗಳಲ್ಲಿ ತಾಯಿ ಬಾಯಾರಿದರೆ ಇಲಿಮರಿಯ ಅಂಗುಳ ಸೀಳುವುದುಂಟು. ಉಳಿದ ಹನ್ನೊಂದು ಸೂಲುಗಳಲ್ಲಿ ದೋಷವಿದ್ದ ಮರಿಗಳು ಎರಡೇ. ನಾನು ಹಲಗೆಯನ್ನು ಒರೆಸಿದೆ.

ಔಷಧ ನಿರಪಾಯವೆಂದು ಡಾ. ಹಾಲ್ಡರ್ಸನ್ ಹೇಳಲಿಲ್ಲ. “ನಾನು ಇಲಿ ಡಾಕ್ಟರು. ನಿನ್ನ ಡಾಕ್ಟರು ಹೇಳ್ಲಿ,” ಎಂದು ನೊರೀನ್ ಅವರ ನರರೋಗ ವೈದ್ಯರಿಗೆ ಅಲ್ಲಿಂದಲೇ ಫೋನು ಮಾಡಿ, ನಮ್ಮ ಅಂಕಿಗಳನ್ನೂ ಅವುಗಳ ಕೊರತೆಯನ್ನೂ ವಿವರಿಸಿ, ರಿಸೀವರನ್ನು ಅವರ ಕೈಗಿತ್ತರು. ಮಾತು ಮುಗಿಸಿದ ನೊರೀನ್ ಆರಿದ ಕಾಫಿಯಲ್ಲಿ ಮಾತ್ರೆ ನುಂಗಿದರು.

ಎಂಟು ತಿಂಗಳು ಹಿಡಿದು, ಅರವತ್ತು ಸೂಲುಗಳಲ್ಲಿ ಡಾ. ಹಾಲ್ಡರ್ಸನ್ ಆ ಪ್ರಯೋಗವನ್ನು ಮತ್ತೆ ನಡೆಸಿದರು. ಔಷಧದ ಮೊದಲಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದರ ನಾಲ್ಕರಷ್ಟರಲ್ಲಿ, ನೀರು ಮೇವು ಸಾಕಷ್ಟಿದ್ದ ತಾಯಂದಿರ ಮರಿಗಳಿಗೂ ಅಂಗುಳ ಸೀಳಿತು. ಎರಡನ್ನೂ ಅವರು ಒಂದೇ ಅಕ್ಷರಗಾತ್ರದಲ್ಲಿ ಪ್ರಕಟಿಸಿದರು. ಅಕ್ಟೋಬರಿನಲ್ಲಿ ನೊರೀನ್ ಅವರಿಗೆ ಹೆಣ್ಣುಮಗು ಹುಟ್ಟಿತ್ತು, ಅಂಗುಳ ನೆಟ್ಟಗಿತ್ತು. ಒಂದು ಮಗು ಯಾವ ತೀರ್ಮಾನಕ್ಕೂ ಆಧಾರವಾಗದೆಂಬುದು ನನ್ನ ವೃತ್ತಿ ಕಲಿಸಿದ ಪಾಠ. ಆದರೂ ಸುದ್ದಿ ಬಂದ ದಿನ ನಾನು ಕೆಲಸ ಮಾಡಲಿಲ್ಲ.

ಮೂವತ್ತೆಂಟು ವರ್ಷಗಳ ಸೇವೆಯಲ್ಲಿ ಅವರು ನಲವತ್ತೊಂದು ಮಂದಿ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸಿದ್ದಾರೆ. ಅವರೆಲ್ಲರೂ ವರದಿಯ ಮೊದಲ ಸಾಲಿನಲ್ಲಿ ಸೂಲುಗಳ ಸಂಖ್ಯೆಯನ್ನೇ ಬರೆಯುತ್ತಾರೆ. ನಿವೃತ್ತರಾದ ಡಾ. ಹಾಲ್ಡರ್ಸನ್ ಅವರಿಗೆ ದೀರ್ಘಾಯುಷ್ಯವಿರಲಿ. ಅರ್ಧ ಬರೆದಿರುವ ಅವರ ಪಠ್ಯಪುಸ್ತಕವನ್ನು ಪೂರ್ಣಗೊಳಿಸುವ ಬಿಡುವೂ ಹಟವೂ ಇರಲಿ.

ಇನ್ನೊಂದು ಮಾತು ಉಳಿದಿದೆ. ಅರವತ್ತು ಸೂಲುಗಳ ಪ್ರಯೋಗವನ್ನು ಪ್ರಕಟಿಸಿದ ಆ ಪ್ರಬಂಧದ ಕೊನೆಯಲ್ಲಿ, ‘ಲೆಕ್ಕವನ್ನು ಸೂಲುಗಳ ಆಧಾರದಲ್ಲಿ ತಿದ್ದಿಕೊಟ್ಟ ಶ್ರೀ ಎಮಿಲ್ ಪ್ರೊಕೊಪ್ ಅವರಿಗೆ ಕೃತಜ್ಞತೆಗಳು’ ಎಂದು ಅವರು ಅಚ್ಚು ಹಾಕಿಸಿದರು. ನನ್ನ ಮಾನವನ್ನು ಕಾಯಲೆಂದು ಬರೆದ ಆ ಸಾಲನ್ನು ನಾನು ಇಷ್ಟು ವರ್ಷವೂ ಅಲ್ಲಗಳೆಯಲಿಲ್ಲ. ಅದರ ಮೇಲೆ ಬಂದ ಬಡ್ತಿಯನ್ನೂ ಸ್ವೀಕರಿಸಿದೆ. ಅವರ ಗೌರವಾರ್ಥ ಹೊರಬರುತ್ತಿರುವ ಈ ಸಂಪುಟವೂ ಗ್ರಂಥಾಲಯಗಳಲ್ಲಿ ಉಳಿಯುವುದರಿಂದ ಇಲ್ಲಿ ದಾಖಲಿಸುತ್ತೇನೆ: ತಪ್ಪೆಣಿಸಿದವನು ನಾನು, ತಿದ್ದಿದವರು ಅವರು.