ಮೂಗಣ್ಣ ಒತ್ತಿದ ಗುಂಡಿ

ಸುಗಂಧದ ಎಣ್ಣೆಗಳನ್ನು ಬೆರೆಸಿ ಸಾಬೂನು ಮಾಡುವವರಿಗೆ ಕಳಿಸುವ ಆ ಕಾರ್ಖಾನೆಯಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವನು ಮೂಗಣ್ಣ. ಹೊಸದಾಗಿ ಸೇರಿದವರು, ಪಾಪ, ಮಾತು ಬಾರದವನೇನೋ ಅಂದುಕೊಂಡು ಕೈಸನ್ನೆ ಮಾಡುತ್ತಿದ್ದರು. ಅವನೂ ಎರಡು ನಿಮಿಷ ಸನ್ನೆಯಲ್ಲೇ ಉತ್ತರ ಕೊಟ್ಟು, ಆಮೇಲೆ ಮೆಲ್ಲಗೆ, "ಬೆಳಿಗ್ಗೆ ಬೆಳ್ಳುಳ್ಳಿ ಜಾಸ್ತಿ ಆಯ್ತು ಅನ್ಸತ್ತೆ" ಅನ್ನುತ್ತಿದ್ದ.

ಹತ್ತೊಂಬತ್ತನೇ ವಯಸ್ಸಿಗೆ ಡ್ರಮ್ಮು ಉರುಳಿಸುವ ಕೆಲಸಕ್ಕೆ ಬಂದವನು. ಒಂದು ದಿನ ನಿಂಬೆ ಎಣ್ಣೆಯ ಡ್ರಮ್ಮು ಇಳಿಸುತ್ತ, "ಇದಕ್ಕೆ ಟರ್ಪೆಂಟೈನ್ ಬೆರೆಸಿದ್ದಾರೆ" ಅಂದ. ಮೇಸ್ತ್ರಿ ನಕ್ಕುಬಿಟ್ಟ. ವಾರದ ನಂತರ ಹೊರಗಿನ ಲ್ಯಾಬಿನ ವರದಿ ಬಂದಾಗ ಅದೇ ಮೇಸ್ತ್ರಿ ಮೂಗಿನ ಮೇಲೆ ಬೆರಳಿಟ್ಟುಕೊಂಡ. ಅಲ್ಲಿಂದ ಇಪ್ಪತ್ತೆಂಟು ವರ್ಷ, ಮೂಗಣ್ಣ ಕಾಗದದ ಪಟ್ಟಿ ಅದ್ದಿ ಮೂಸಿ "ಹೂಂ" ಅನ್ನದೆ ಒಂದು ಡ್ರಮ್ಮೂ ಉಗ್ರಾಣ ಸೇರಲಿಲ್ಲ.

ಎಂಟು ವರ್ಷದ ಹಿಂದೆ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಅನ್ನುವ ಯಂತ್ರ ಬಂತು. ಇನ್ನು ಮೂಗಣ್ಣನ ಮೂಗಿಗೆ ನಿವೃತ್ತಿ ಅಂತ ಊಟದ ಕೋಣೆಯಲ್ಲಿ ಎಲ್ಲರೂ ಆಡಿಕೊಂಡರು. ಆದರೆ ಯಂತ್ರದ ಜೊತೆಗೆ ಬಂದ ಲ್ಯಾಬ್ ಮೇಡಂ ಮೊದಲ ದಿನವೇ ಅವನನ್ನು ಹುಡುಕಿಕೊಂಡು ಬಂದಳು. ವಯಸ್ಸಿನಲ್ಲಿ ತುಂಬ ಚಿಕ್ಕವಳು, ಅವನನ್ನು ಅಣ್ಣ ಅಂತಲೇ ಕರೆದಳು.

"ಒಳಗೆ ಕೂದಲಿನಷ್ಟು ಸಣ್ಣ ಕೊಳವೆ ಇದೆ ಅಣ್ಣ, ಸುರುಳಿ ಸುತ್ತಿರೋದು, ಮೂವತ್ತು ಮೀಟರ್. ಒಂದು ಹನಿ ಎಣ್ಣೇಲಿರೋ ಪದಾರ್ಥಗಳೆಲ್ಲ ಆವಿಯಾಗಿ ಅದರೊಳಗೆ ಹೊರಡ್ತವೆ. ಅಂಗಡಿ ಬೀದೀಲಿ ಜನ ಹೋದ ಹಾಗೆ ಅಂದ್ಕೊಳ್ಳಿ. ಯಾರ ಪರಿಚಯವೂ ಇಲ್ಲದವನು ಸರಸರ ನಡೆದು ಆ ಕಡೆ ಸೇರ್ತಾನೆ. ಪ್ರತಿ ಅಂಗಡೀಲೂ ನಿಂತು ಹರಟೆ ಹೊಡೆಯೋನು ಕೊನೇಲಿ ಬರ್ತಾನೆ. ಒಟ್ಟಿಗೆ ಹೊರಟಿದ್ದು ಒಂದೊಂದಾಗಿ ಹೊರಬೀಳತ್ತೆ."

ಹೊರಬಿದ್ದದ್ದು ಎರಡು ಕವಲಾಗುತ್ತಿತ್ತು. ಒಂದು ಕವಲಿನಿಂದ ಪರದೆಯ ಮೇಲೆ ಗೆರೆ ಗುಡ್ಡದಂತೆ ಎದ್ದು ಇಳಿಯುತ್ತಿತ್ತು. ಅದಕ್ಕೆ ಅವಳು ಪೀಕ್ ಅನ್ನುತ್ತಿದ್ದಳು. ಇನ್ನೊಂದರ ತುದಿಗೆ ಗಾಜಿನ ಆಲಿಕೆ ಇತ್ತು. ಅಲ್ಲಿ ಮೂಗಣ್ಣ ಮೂಗಿಟ್ಟು ಕೂರಬೇಕು, ವಾಸನೆ ಬಂದಾಗ ಗುಂಡಿ ಒತ್ತಿ ಏನೆಂದು ಹೇಳಬೇಕು. ಎಷ್ಟಿದೆ ಅನ್ನುವುದು ಯಂತ್ರಕ್ಕೆ ಗೊತ್ತು, ಹೇಗಿದೆ ಅನ್ನುವುದು ಅವನಿಗೆ. ಮುಗಿಲೆತ್ತರದ ಪೀಕಿಗೆ ಅವನು "ಸಪ್ಪೆ" ಅಂದುಬಿಡುತ್ತಿದ್ದ. ಗೆರೆ ಅಲುಗಾಡದೆ ಮಲಗಿದ್ದ ಕಡೆ "ಅಯ್ಯೋ, ಬಂತು ನೋಡಿ" ಅಂತ ಗುಂಡಿ ಒತ್ತುತ್ತಿದ್ದ.

ಹೋದ ವರ್ಷ ಅವನಿಗೆ ಜ್ವರ ಬಂತು. ನಾಲ್ಕು ದಿನ ಮಲಗಿ ಎದ್ದ. ಆರನೇ ದಿನ ಸ್ನಾನಕ್ಕೆ ನಿಂತಾಗ ಕೈಯಲ್ಲಿದ್ದ ಸಾಬೂನು ಬರೀ ಜಾರುವ ಕಲ್ಲಾಗಿತ್ತು. ನೆಗಡಿ ಇರಬೇಕು ಅಂದುಕೊಂಡ. ಮೂಗು ಕಟ್ಟಿರಲಿಲ್ಲ, ಉಸಿರು ಸಲೀಸಾಗಿ ಹೋಗಿ ಬರುತ್ತಿತ್ತು.

ಎರಡು ದಿನ ಕಳೆದು, ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದಾಗ ಹೆಂಡತಿ ಹಿತ್ತಲಿನಿಂದ ಓಡಿ ಬಂದಳು.

"ಇಲ್ಲೇ ಕೂತಿದ್ದೀರಲ್ರೀ! ಹಾಲು ಸೀದು ಕರಕಲಾಗಿದೆ!"

ಅವನು ಪಾತ್ರೆ ನೋಡಿದ. ತಳ ಕಪ್ಪಾಗಿತ್ತು. ಹೊಗೆ ಅವನ ಮುಖದ ಮುಂದೆಯೇ ಹಾದುಹೋಗುತ್ತಿತ್ತು.

"ನಂಗೆ ವಾಸನೆ ಗೊತ್ತಾಗ್ತಿಲ್ಲ ಕಣೆ" ಅಂದ.

ಅವಳು ಹಿಡಿದಿದ್ದ ಬಟ್ಟೆ ಕೆಳಗಿಟ್ಟು ಕೂತಳು. ಅವಳ ಕಣ್ಣು ತುಂಬಿತು. ಅವನಿಗೂ ಈಗ ಎದೆ ಡವಗುಟ್ಟಬೇಕಿತ್ತು. ಬರುತ್ತದೇನೋ ಅಂತ ಸ್ವಲ್ಪ ಹೊತ್ತು ಕಾದ. ಏನೂ ಬರಲಿಲ್ಲ. ಎದ್ದು ಪಾತ್ರೆಗೆ ನೀರು ಸುರಿದ.

ಕಾರ್ಖಾನೆಯಲ್ಲಿ ಮಾತ್ರ ಹೇಳಲಿಲ್ಲ. ಪಟ್ಟಿ ಅದ್ದುತ್ತಿದ್ದ, ಮೂಗಿನ ಹತ್ತಿರ ತರುತ್ತಿದ್ದ, ಎಣ್ಣೆಯ ಬಣ್ಣ ನೋಡಿ, ಯಂತ್ರದ ವರದಿ ಕದ್ದು ನೋಡಿ "ಹೂಂ" ಅನ್ನುತ್ತಿದ್ದ. ಹೀಗೆ ಮೂರು ವಾರದಲ್ಲಿ ಹನ್ನೊಂದು ಡ್ರಮ್ಮು ಒಳಗೆ ಹೋದವು. ನಿದ್ದೆ ಕೆಡಲಿಲ್ಲ, ಊಟ ಸೇರದೇ ಇರಲಿಲ್ಲ. ಉಪ್ಪು, ಖಾರ, ಬಿಸಿ ಅಷ್ಟೇ ಗೊತ್ತಾಗುತ್ತಿತ್ತು, ಉಂಡು ಏಳುತ್ತಿದ್ದ.

ಆಗ ಸಾಬೂನಿನವರಿಂದ ದೂರು ಬಂತು: ಈ ಸಲದ ನಿಂಬೆ ವಾಸನೆಯಲ್ಲಿ ಏನೋ ಕೆಟ್ಟದ್ದಿದೆ. ಲ್ಯಾಬ್ ಮೇಡಂ ಹಳೆಯ ಒಳ್ಳೆಯ ಎಣ್ಣೆಯ ಗೆರೆಯನ್ನೂ ಇದನ್ನೂ ಪಕ್ಕಪಕ್ಕ ಇಟ್ಟಳು. ಎರಡೂ ಅವಳಿ ಮಕ್ಕಳಂತಿದ್ದವು.

"ಯಂತ್ರಕ್ಕೆ ಸಿಗ್ತಿಲ್ಲ ಅಣ್ಣ. ನೀವೇ ಬರಬೇಕು."

ಅವನು ಆಲಿಕೆಗೆ ಮೂಗಿಟ್ಟು ಕೂತ. ತೇವದ ಗಾಳಿ ಮೂಗಿಗೆ ತಾಕಿತು, ಅಷ್ಟೇ. ಓರೆಗಣ್ಣಿನಲ್ಲಿ ಪರದೆ ಕಾಣುತ್ತಿತ್ತು. ಗೆರೆ ಎದ್ದಾಗ ಗುಂಡಿ ಒತ್ತಿದ, "ನಿಂಬೆ, ಜೋರಾಗಿದೆ" ಅಂದ. ಇನ್ನೊಮ್ಮೆ ಎದ್ದಾಗ ಇನ್ನೊಮ್ಮೆ ಒತ್ತಿದ. ಅರ್ಧ ಗಂಟೆ ಹಾಗೇ ಕಳೆಯಿತು.

ಮುಗಿದ ಮೇಲೆ ಅವಳು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ದನಿ ಏರಿಸಲಿಲ್ಲ.

"ಆ ದೊಡ್ಡ ಪೀಕಿಗೆ ಏಳು ವರ್ಷದಿಂದ ಸಪ್ಪೆ ಅಂತಿದ್ರಿ. ಇವತ್ತು ಜೋರು ಅಂದ್ರಿ. ಗೆರೆ ಏಳದ ಕಡೆ ಒಂದು ಸಲಾನೂ ಒತ್ತಲಿಲ್ಲ. ಎಷ್ಟು ದಿನ ಆಯ್ತು ಅಣ್ಣ?"

"ಜ್ವರ ಬಂದಾಗಿಂದ."

"ಯಾಕೆ ಹೇಳಲಿಲ್ಲ? ಹೆದರಿಕೇನಾ?"

ಅವನು ಯೋಚಿಸಿದ. "ಹೆದರಿಕೆ ಆಗಿದ್ರೆ ಹೇಳ್ತಿದ್ದೆ ಅನ್ಸತ್ತೆ ಮೇಡಂ. ಏನೂ ಆಗ್ತಿಲ್ಲ. ಅದೇ ನೋಡಿ."

ಅವಳು ಹೇಳಿಸುವ ಮೊದಲೇ ಅವನು ಎದ್ದು ಮ್ಯಾನೇಜರ್ ಕೋಣೆಗೆ ಹೋಗಿ ಹನ್ನೊಂದು ಡ್ರಮ್ಮಿನ ನಂಬರನ್ನೂ ಬಾಯಿಪಾಠ ಒಪ್ಪಿಸಿದ. ಮ್ಯಾನೇಜರ್ ಕೆಂಡಾಮಂಡಲವಾದ. "ನಿಮ್ಮನ್ನ ಕಣ್ಣು ಮುಚ್ಚಿ ನಂಬಿದ್ವಲ್ರೀ!" ಪಕ್ಕದ ಮನೆಯಲ್ಲಿ ಯಾರನ್ನೋ ಬೈಯುತ್ತಿರುವ ಹಾಗೆ ಅದು ಅವನಿಗೆ ಕೇಳಿಸಿತು. ಕೊನೆಗೆ ಕೆಲಸ ಉಳಿಯಿತು, ಮೂಸುವ ಕೆಲಸವಲ್ಲ. ಲ್ಯಾಬಿನಲ್ಲಿ ಸಣ್ಣ ಸೀಸೆಗಳಿಗೆ ಎಣ್ಣೆ ಅಳೆದು ಹಾಕಿ ಚೀಟಿ ಅಂಟಿಸುವುದು. ಅದನ್ನು ಚೆನ್ನಾಗಿಯೇ ಮಾಡಿದ.

ಬೇರೆ ಊರಲ್ಲಿ ನರ್ಸ್ ಆಗಿದ್ದ ಮಗಳು ಫೋನಿನಲ್ಲೇ ಹಠ ಹಿಡಿದು ಅವನನ್ನು ಡಾಕ್ಟರ ಹತ್ತಿರ ಕಳಿಸಿದಳು. ಡಾಕ್ಟರು ನಾಲ್ಕು ವಾಸನೆ ಬರೆದುಕೊಟ್ಟರು: ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ದಿನಕ್ಕೆರಡು ಸಲ ಮೂಸಬೇಕು, ಮೂಸುವಾಗ ಆ ವಾಸನೆಯನ್ನು ನೆನೆಸಿಕೊಳ್ಳಬೇಕು. ಲ್ಯಾಬ್ ಮೇಡಂ ಸೀಸೆ ತುಂಬಿಸಿ ಕೊಟ್ಟಳು. ಹೆಂಡತಿ ಗಡಿಯಾರ ಹಿಡಿದು ಎದುರಿಗೆ ಕೂರುತ್ತಿದ್ದಳು.

"ನೆನಪು ಮಾಡ್ಕೊಳ್ಳಿ. ಲವಂಗ ಹೇಗಿರತ್ತೆ?"

ಹೇಗಿರುತ್ತದೆ ಅನ್ನುವ ಮಾತುಗಳೆಲ್ಲ ನೆನಪಿದ್ದವು. ವಾಸನೆ ಒಂದೇ ಇರಲಿಲ್ಲ. ಒಮ್ಮೆ ನೀಲಗಿರಿಗೆ ಅವನ ಹುಬ್ಬು ಮೇಲೇರಿತು.

"ಬಂತಾ ರೀ?"

"ಮೂಗೊಳಗೆ ತಣ್ಣಗಾಯ್ತು. ವಾಸನೆ ಅಲ್ಲ."

ಅವಳು ಮುಚ್ಚಳ ತಿರುಗಿಸಿ ಇಟ್ಟಳು.

ಕಾರ್ಖಾನೆಯಲ್ಲಿ ಎಲ್ಲರ ಮೂಗನ್ನೂ ಪರೀಕ್ಷೆ ಮಾಡಿ, ಆಲಿಕೆಯ ಮುಂದೆ ಕೂರಲು ಪ್ಯಾಕಿಂಗ್ ವಿಭಾಗದ ಒಬ್ಬ ಹೆಂಗಸನ್ನು ಆರಿಸಿದರು. ಅದೇ ನಿಂಬೆ ಎಣ್ಣೆ ಮತ್ತೆ ಯಂತ್ರಕ್ಕೆ ಹೋಯಿತು. ಮೂಗಣ್ಣ ಪಕ್ಕದಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದ. ಹದಿನಾಲ್ಕನೇ ನಿಮಿಷಕ್ಕೆ, ಗೆರೆ ಸಪಾಟಾಗಿದ್ದಾಗ, ಅವಳು ತಟ್ಟನೆ ಗುಂಡಿ ಒತ್ತಿದಳು.

"ಏನೋ ಬಂತು. ಏನು ಅಂತ ಹೇಳೋಕೆ ಬರ್ತಿಲ್ಲ" ಅಂತ ಮುಖ ಸಣ್ಣದು ಮಾಡಿಕೊಂಡಳು.

ಅವನು ಚೀಟಿ ಕೆಳಗಿಟ್ಟ. "ಅವಸರ ಬೇಡ ತಂಗಿ. ಹಸಿಯಾಗಿದ್ಯಾ, ಒಣಗಿದ್ಯಾ? ಮೂಗಲ್ಲೇ ನಿಲ್ಲತ್ತಾ, ಗಂಟಲಿಗೆ ಇಳಿಯತ್ತಾ?"

"ಇಳಿಯತ್ತೆ. ಒದ್ದೆ ಒದ್ದೆ... ನಮ್ಮ ಪ್ಯಾಕಿಂಗಲ್ಲಿ ನೀರು ಬಿದ್ದ ರಟ್ಟಿನ ಡಬ್ಬ ಇರತ್ತಲ್ಲ, ಹಂಗೆ."

"ಬರ್ಕೊಳ್ಳಿ ಮೇಡಂ. ಒದ್ದೆ ರಟ್ಟು, ಗಂಟಲಿಗೆ ಇಳಿಯತ್ತೆ. ಎಣ್ಣೇದಲ್ಲ ಅದು. ಡ್ರಮ್ಮಿನ ಒಳಗಡೆ ನೋಡಿ."

ನೋಡಿದರು. ಹನ್ನೊಂದರಲ್ಲಿ ಎರಡು ಡ್ರಮ್ಮಿಗೆ ಒಳಬದಿಯ ಬಣ್ಣ ಎದ್ದು, ಕೆಳಗೆ ಬೂಷ್ಟು ಹಿಡಿದಿತ್ತು. ಲ್ಯಾಬ್ ಮೇಡಂ ಚಪ್ಪಾಳೆ ತಟ್ಟಿದಳು. ಆ ಹೆಂಗಸು ನಾಚಿ ನಕ್ಕಳು. ನಗಬೇಕಾದ ಹೊತ್ತು ಅಂತ ಮೂಗಣ್ಣನೂ ನಕ್ಕ. ಅಂದಿನಿಂದ ಅವಳು ಮೂಸುವಾಗ ಪಕ್ಕದಲ್ಲಿ ಕೂತು ಕೇಳುವುದೂ ಅವನ ಕೆಲಸವಾಯಿತು.

ಡ್ರಮ್ಮಿನ ಗುಟ್ಟು ಸಿಕ್ಕ ದಿನವೇ ಸಂಜೆ ಮಗಳ ಫೋನ್ ಬಂತು. ಹೆಂಡತಿ ಎಲ್ಲ ಹೇಳಿ ಮುಗಿಸಿ ಫೋನನ್ನು ಅವನ ಕೈಗೆ ಕೊಟ್ಟಳು.

"ಅಪ್ಪಾ, ಖುಷಿ ಆಯ್ತಾ? ಇಲ್ಲ, ಬೇಜಾರಾಯ್ತಾ?"

ಅವನು ಕಿಟಕಿಯಾಚೆ ನೋಡಿದ. ಎದುರು ಮನೆಯವರು ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಸುಳ್ಳು ಹೇಳುವುದಕ್ಕೂ ಮನಸ್ಸಿರಲಿಲ್ಲ, ನಿಜ ಯಾವುದೆಂದು ಗೊತ್ತೂ ಇರಲಿಲ್ಲ.

"ಕೆಲಸ ಆಯ್ತು ಕಣಮ್ಮ" ಅಂದ. "ನಿಂದು ಊಟ ಆಯ್ತಾ?"