ಹುರುಳಿಯ ಮೇಲೆ ನಿಂತ ಕಾರು

ಮೊನ್ನೆ ಕುಕನೂರು ದಾಟುವಾಗ ಯಾರೋ ರಸ್ತೆ ಬದಿಯಲ್ಲಿ ಹುರುಳಿ ಹೊಟ್ಟಿಗೆ ಬೆಂಕಿ ಇಟ್ಟಿದ್ದರು. ಆ ವಾಸನೆ ಕಾರಿನೊಳಗೆ ಬಂದದ್ದೇ ತಡ, ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಹಿಂದಿನ ಸೀಟಿನಲ್ಲಿದ್ದ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಇಬ್ಬರಿಗೂ ನೆನಪಾದದ್ದು ಒಬ್ಬರೇ, ಯಲಬುರ್ಗಾದಲ್ಲಿ ಗ್ಯಾರೇಜು ಇಟ್ಟಿದ್ದ ಮಿಸ್ತ್ರಿ ಚಾಚಾ.

ವರ್ಷಗಳ ಹಿಂದೆ, ನಾನು ಅಲ್ಲಿನ ಶಾಲೆಗೆ ಟೀಚರಾಗಿ ಬಂದ ಹೊಸತು. ಯಾರೋ ಓಡಿಸಿ ಬಿಟ್ಟ ಪೆಟ್ರೋಲ್ ಕಾರು ಕೊಂಡಿದ್ದೆ. ಕೆಲವೇ ತಿಂಗಳಲ್ಲಿ ಅದು ಏರು ಹತ್ತಲಾರದೆ ಏದುಸಿರು ಬಿಡತೊಡಗಿತು. ಕೊಪ್ಪಳದ ಒಬ್ಬ ಮೆಕ್ಯಾನಿಕ್ ಬಗ್ಗಿ ನೋಡಿ, ಸೈಲೆನ್ಸರ್ ಪೈಪಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆ, ಒಳಗಿನದನ್ನೆಲ್ಲ ಒಡೆದು ತೆಗೆದರೆ ಗಾಡಿ ಕುದುರೆಯಂತೆ ಓಡುತ್ತದೆ ಎಂದಿದ್ದ. ಅದನ್ನೇ ಚಾಚಾಗೆ ಹೇಳಿದೆ.

"ಓಡತೈತ್ರಿ ಅಕ್ಕೋರ, ಸುಳ್ಳಲ್ಲ. ಆದ್ರ ಎಂಜಿನ್ ಕಾರೋ ವಿಷಾನ ಈ ಡಬ್ಬಿ ಒಳಗ ಸುಟ್ಟು ಹಾಕತೈತಿ. ಇದನ್ನ ತಗದ್ರ ಅದನ್ನ ಹಿಂದ ಬರೋರು ಕುಡೀಬೇಕಾಕ್ಕೈತಿ. ನಿಮ್ಮ ಸಾಲಿ ಹುಡುಗ್ರು ಗಾಡಿ ಹಿಂದ ಓಡಿ ಬರೋದು ನೋಡೀರಲ್ಲ?"

ಒಂದು ಪ್ಲಗ್ ಸರಿಯಾಗಿ ಕಿಡಿ ಕೊಡುತ್ತಿಲ್ಲ, ಉರಿಯದ ಪೆಟ್ರೋಲ್ ಆ ಡಬ್ಬಿಗೆ ಹೋಗಿ ಅಲ್ಲೇ ಉರಿದು ಅದು ಕೆಂಡವಾಗುತ್ತಿದೆ ಎಂದರು. ಸಾಮಾನು ಸಂಜೆ ಬಸ್ಸಿಗೆ ಗಂಗಾವತಿಯಿಂದ ಬರುತ್ತದೆ, ಗಾಡಿ ಬಿಟ್ಟು ಹೋಗಿ ಎಂದರು. ಅವ್ವನನ್ನು ಅಂದೇ ಕೊಪ್ಪಳದ ಕಣ್ಣಿನ ಡಾಕ್ಟರಿಗೆ ತೋರಿಸಬೇಕಿತ್ತು. ನಾನು ಹಟ ಹಿಡಿದೆ. ಹಟಕ್ಕೆ ಮೊದಲಿನಿಂದಲೂ ಹೆಸರಾದವಳು ನಾನು.

"ಹಂಗಾರ ನಾನೂ ಬರ್ತೀನಿ," ಎಂದು ಕೈ ಒರೆಸಿಕೊಂಡು ಪಕ್ಕದಲ್ಲಿ ಕುಳಿತರು. "ದಾರ್ಯಾಗ ಹುರುಳಿ ಹಾಸಿರ್ತಾರ. ಹಾಯ್ದು ಹೋಗ್ರಿ, ಅದರ ಮ್ಯಾಲ ನಿಲ್ಲಸಬ್ಯಾಡ್ರಿ."

ಸುಗ್ಗಿಯಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಒಣಗಿದ ಹುರುಳಿ ಬಳ್ಳಿ ಹಾಸಿಬಿಟ್ಟರೆ ಹೋಗಿ ಬರುವ ಗಾಡಿಗಳ ಗಾಲಿಗೆ ಸಿಕ್ಕಿ ಕಾಳು ಉದುರುತ್ತವೆ. ಅಂದು ಹುರುಳಿ ತಿರುವಿ ಹಾಕುತ್ತಿದ್ದ ಹೆಂಗಸೊಬ್ಬಳನ್ನು ಕಂಡು ಅವ್ವ, "ನಿಲ್ಲಸವ್ವ, ಆಕಿ ನನ್ನ ತವರೂರಾಕಿ," ಎಂದಳು. ನಾನು ನಿಲ್ಲಿಸಿದೆ, ಹುರುಳಿಯ ನಟ್ಟನಡುವೆ.

"ಮುಂದ ನಡೀರಿ ಅಕ್ಕೋರ," ಎಂದರು ಚಾಚಾ.

"ಒಂದು ನಿಮಿಷ ಚಾಚಾ," ಎಂದೆ.

ಅವ್ವ ಕಿಟಕಿಯಿಂದ ಆಕೆಯ ಕೈ ಹಿಡಿದು ತವರಿನ ಒಬ್ಬೊಬ್ಬರನ್ನೇ ವಿಚಾರಿಸತೊಡಗಿದಳು. "ಮುಂದ ನಡೀರಿ," ಎಂದರು ಚಾಚಾ ಮತ್ತೆ. ಆಗ ಆ ವಾಸನೆ ಬಂತು...

"ಎಂಜಿನ್ ಬಂದ್ ಮಾಡ್ರಿ, ಇಳೀರಿ." ಚಾಚಾ ಹಿಂದಿನ ಬಾಗಿಲು ತೆಗೆದು, ಮೊಣಕಾಲು ನೋವಿನ ಅವ್ವನನ್ನು ಎತ್ತಿ ಹೊಲದ ಬದುವಿನ ಮೇಲೆ ಕೂರಿಸಿದರು. ಉಳಿದ ಮೂವರೂ ಸೇರಿ ಗಾಡಿಯನ್ನು ಮುಂದಕ್ಕೆ ನೂಕಿದೆವು. ಆದರೆ ಡಬ್ಬಿಗೆ ಸುತ್ತಿಕೊಂಡ ಹುರುಳಿ ಉರಿಯುತ್ತಲೇ ಬಂತು. ಅದರ ಹಿಂದೆಯೇ ಪೆಟ್ರೋಲ್ ಟ್ಯಾಂಕು. ಚಾಚಾ ಕೆಳಗೆ ಮಲಗಿ ಬರಿಗೈಯಲ್ಲೇ ಅದನ್ನು ಕಿತ್ತು ಕಿತ್ತು ಹೊರಗೆಳೆದರು. ಆ ಹೆಂಗಸು ಕೊಡದ ನೀರು ಸುರಿದಳು. ಬೆಂಕಿ ಆರಿತು. ಆಮೇಲೆ ಅವರ ಬಲ ಅಂಗೈ... ನನ್ನಿಂದ ನೋಡಲಾಗಲಿಲ್ಲ.

ಬೆರಳ ತುದಿಯಿಂದ ಮುಟ್ಟಿ ಎಂಜಿನ್ನಿನ ರೋಗ ಹೇಳುತ್ತಿದ್ದ ಕೈ ಅದು. ಗಾಯ ಮಾಯ್ದರೂ ಬೆರಳು ಮಡಚಲು ಬರಲಿಲ್ಲ. ಸುಟ್ಟು ಹಾಳಾದ ಡಬ್ಬಿಯ ಬದಲು ಹೊಸದನ್ನು ಎಡಗೈಯಲ್ಲೇ ಕೂರಿಸಿಕೊಟ್ಟರು, ಇಡೀ ದಿನ ಹಿಡಿಯಿತು. ಬೈಯಲಿ ಎಂದು ಕಾಯುತ್ತ ನಿಂತಿದ್ದೆ. "ಅವತ್ತ ಅವ್ವಾರ ಮಾತು ಮುಗದಿತ್ತೋ ಇಲ್ಲೋ?" ಎಂದು ಕೇಳಿ ನಕ್ಕರು. ನನಗೆ ಅಳು ಬಂತು. ತಪ್ಪು ನನ್ನದು ಎಂಬ ಎರಡು ಶಬ್ದ ಮಾತ್ರ ಬಾಯಿಗೆ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ... ಹಾಗೇ ವರ್ಷಗಳು ಹೋದವು. ಗ್ಯಾರೇಜು ಮುಚ್ಚಿತು. ಹೋದ ಮಳೆಗಾಲದಲ್ಲಿ ಚಾಚಾ ತೀರಿಕೊಂಡರು.

ಮೊನ್ನೆ ಹೊಗೆ ದಾಟಿದ ಮೇಲೆ, ಬರೀ ಡಾಂಬರಿದ್ದಲ್ಲಿ ನಿಲ್ಲಿಸಿ, ಇಳಿದು ಗಾಡಿಯ ಕೆಳಗೆ ಬಗ್ಗಿ ನೋಡಿದೆ. ಒಂದು ಕಡ್ಡಿಯೂ ಸಿಕ್ಕಿಕೊಂಡಿರಲಿಲ್ಲ. ಅವರು ಕೂರಿಸಿದ ಡಬ್ಬಿ ಇನ್ನೂ ಗಟ್ಟಿಯಾಗಿದೆ, ಕಾರು ಏರನ್ನು ಆರಾಮಾಗಿ ಹತ್ತುತ್ತದೆ. ಸ್ವಲ್ಪ ಮುಂದೆ ಹುರುಳಿ ತಿರುವುತ್ತಿದ್ದ ಪರಿಚಯದವಳೊಬ್ಬಳು ಅವ್ವನನ್ನು ಕಂಡು ಕೈ ಬೀಸಿದಳು. ಅವ್ವ ಕಿಟಕಿಯಿಂದಲೇ ಕೈ ಮುಗಿದಳು.

"ಮುಂದ ನಡೀಯವ್ವ," ಎಂದಳು ನನಗೆ.

ಈ ಸಲ ನಾನು ಒಂದು ನಿಮಿಷ ಎನ್ನಲಿಲ್ಲ.